ಕಿಡ್ನಿ ತೊಂದರೆ ಇದ್ದವರಿಗೆ ಯಾವ ಹಣ್ಣು, ಎಷ್ಟು?

ಮಾವು ಪೇಟೆಗೆ ಇಳಿಯುವ ಹೊತ್ತಿಗೆ ಕಿಡ್ನಿ ರೋಗಿಗಳ ಮನೆಯವರು ಕೇಳುವುದು ಹೆಚ್ಚಾಗಿ ಒಂದೇ ಮಾತು: ಹಣ್ಣು ಕೊಡಬಹುದೋ, ಬಾರದೋ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರ ಪ್ರಶ್ನೆಗಳಿಗೆ ಕಿಡ್ನಿ ತಜ್ಞರು ಮತ್ತು ಆಹಾರ ತಜ್ಞರು ಇಲ್ಲಿ ಉತ್ತರಿಸಿದ್ದಾರೆ. ಹಣ್ಣಿನ ತೂಕವೆಲ್ಲ ಸಿಪ್ಪೆ, ಬೀಜ ತೆಗೆದ ಮೇಲಿನದು. ಕಿಡ್ನಿ ಸೋತವರ ರಕ್ತದಲ್ಲಿ ಏರಬಲ್ಲ ಲವಣಾಂಶ ಪೊಟ್ಯಾಸಿಯಂ; ಹಣ್ಣುಗಳಲ್ಲಿರುವ ಅದರ ಲೆಕ್ಕ ಸರಾಸರಿ. ತಳಿ, ಮಣ್ಣು, ಮಾಗಿದ ಹದಕ್ಕೆ ತಕ್ಕಂತೆ ತುಸು ಆಚೀಚೆ ಆಗುತ್ತದೆ.

ನಮ್ಮ ತಂದೆಯವರಿಗೆ 62 ವರ್ಷ. ಸಕ್ಕರೆ ಕಾಯಿಲೆ ಹಳೆಯದು. ಈಗ ಕ್ರಿಯಾಟಿನಿನ್ 2.4, ಪೊಟ್ಯಾಸಿಯಂ 4.6 ಬಂದಿದೆ. ಡಯಾಲಿಸಿಸ್ ಇಲ್ಲ. ಕಿಡ್ನಿ ಕೆಟ್ಟವರು ಹಣ್ಣು ಮುಟ್ಟಬಾರದು ಎಂದು ಎಲ್ಲರೂ ಹೇಳಿದ್ದರಿಂದ ಮೂರು ತಿಂಗಳಿಂದ ಪೂರ್ತಿ ಬಿಡಿಸಿದ್ದೇವೆ. ಮಲಬದ್ಧತೆ ಬಹಳ ಆಗಿದೆ. ಮಾಡಿದ್ದು ಸರಿಯೇ?
— ಓದುಗರು, ಜಮಖಂಡಿ

ಪೂರ್ತಿ ಬಿಡಿಸುವ ಅಗತ್ಯ ಇರಲಿಲ್ಲ. ನೀವು ಬರೆದ ವಯಸ್ಸು, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ಹಿಡಿದು ಲೆಕ್ಕ ಹಾಕಿದರೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಎಂದು ಬರೆಯುವ ಅಂಕಿ, ಸುಮಾರು 30 ಆಗುತ್ತದೆ. ಇದು ಎಚ್ಚರ ಬೇಕಾದ ಹಂತ ಹೌದು. ಆದರೆ ಹಣ್ಣು ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಕ್ರಿಯಾಟಿನಿನ್ ಅಲ್ಲ, ರಕ್ತದಲ್ಲಿರುವ ಪೊಟ್ಯಾಸಿಯಂ. 3.5ರಿಂದ 5.0ರವರೆಗೆ ಇದ್ದರೆ ಸಹಜ. 5.5 ದಾಟಿದರೆ ಹಣ್ಣು, ಸೊಪ್ಪು, ಗುಳಿಗೆ ಎಲ್ಲವನ್ನೂ ಮತ್ತೆ ನೋಡಬೇಕು. 6 ದಾಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೃದಯದ ಬಡಿತ ತಪ್ಪುವ ಭಯವಿದೆ. ಕಾಲಲ್ಲಿ ಬಲ ಇಲ್ಲದಂತಾಗುವುದು, ಎದೆ ಡವಗುಟ್ಟುವುದು ಇದರ ಲಕ್ಷಣಗಳು. ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ, ಅದಕ್ಕೇ ರಕ್ತ ತಪಾಸಣೆಯನ್ನು ತಪ್ಪಿಸಬಾರದು.

ತಂದೆಯವರದು 4.6. ಹಣ್ಣು ನಿಲ್ಲಿಸಿದ್ದರಿಂದ ಲಾಭಕ್ಕಿಂತ ನಷ್ಟವೇ ಆಗಿರಬಹುದು. ನಾವು ತಿಂದ ಪೊಟ್ಯಾಸಿಯಂನಲ್ಲಿ ಹೆಚ್ಚಿನ ಪಾಲು ಮೂತ್ರದಲ್ಲಿ ಹೋಗುತ್ತದೆ, ಸುಮಾರು ಹತ್ತರಲ್ಲಿ ಒಂದು ಪಾಲು ಮಲದಲ್ಲಿ. ಕಿಡ್ನಿ ಸೋತಂತೆ ಕರುಳು ತನ್ನ ಪಾಲನ್ನು ಹೆಚ್ಚಿಸಿಕೊಳ್ಳುತ್ತದೆ. ಹೀಗಿರುವಾಗ ಮಲ ಕಟ್ಟಿಕೊಂಡರೆ ಆ ದಾರಿಯೂ ಮುಚ್ಚಿದಂತೆ. ನಾರಿರುವ ಹಣ್ಣು ಬಿಟ್ಟು ಮಲಬದ್ಧತೆ ತಂದುಕೊಂಡು, ಅದರಿಂದಲೇ ಪೊಟ್ಯಾಸಿಯಂ ಏರಿಸಿಕೊಂಡವರು ಕಡಿಮೆಯಿಲ್ಲ.

ಇನ್ನು ಯಾವ ಹಣ್ಣು, ಎಷ್ಟು ಎಂಬುದು. ನೂರು ಗ್ರಾಂ ಲೆಕ್ಕ ಹಿಡಿಯಿರಿ, ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದರೆ ಜಗಳವೇ ಇಲ್ಲ. ಸೇಬು, ಅನಾನಸ್, ಕಲ್ಲಂಗಡಿ, ಪಿಯರ್ (ಮರಸೇಬು; ಪೇರಲ ಅಲ್ಲ) ಇವುಗಳಲ್ಲಿ 100 ಗ್ರಾಂಗೆ 105–120 ಮಿಲಿಗ್ರಾಂ ಪೊಟ್ಯಾಸಿಯಂ. ನೇರಳೆಯಲ್ಲಿ ಇನ್ನೂ ಕಡಿಮೆ, 80ರ ಆಸುಪಾಸು. ಮಾವು 170, ಪಪ್ಪಾಯಿ ಮತ್ತು ಕಿತ್ತಳೆ 180, ದ್ರಾಕ್ಷಿ ಮತ್ತು ಚಿಕ್ಕು 190. ದಾಳಿಂಬೆ 235, ಸೀತಾಫಲ, ಬಾರಿಹಣ್ಣು 250, ಕರಬೂಜ 265. ಬಾಳೆ 360, ಪೇರಲ (ಸೀಬೆ) 415, ಹಲಸು 450. ಒಣಗಿಸಿದ ಹಣ್ಣುಗಳು ಬೇರೆಯೇ ಲೋಕ: ಅಂಜೂರ, ಖರ್ಜೂರ, ಒಣದ್ರಾಕ್ಷಿ ಎಲ್ಲ 650–750.

ಇದರಲ್ಲಿ ಮೋಸ ಮಾಡುವುದು ಗಾತ್ರ. ಸಣ್ಣ ಏಲಕ್ಕಿ ಬಾಳೆಹಣ್ಣೊಂದರ ತಿರುಳು 50 ಗ್ರಾಂ, ಅಂದರೆ 180 ಮಿಲಿಗ್ರಾಂ. ಉದ್ದನೆಯ ಜಿ-9 ಬಾಳೆಹಣ್ಣೊಂದರಲ್ಲಿ 420. ಪೇರಲ ದೊಡ್ಡದಿದ್ದರೆ ಒಂದಕ್ಕೇ 800. ‘ಒಂದೇ ಹಣ್ಣು ತಿಂದೆ’ ಎಂಬ ಮಾತಿಗೆ ಹಾಗಾಗಿ ಅರ್ಥವಿಲ್ಲ.

ತಂದೆಯವರಿಗೆ ಸೇಬು, ಪಪ್ಪಾಯಿ, ಪಿಯರ್, ನೇರಳೆಗಳಲ್ಲಿ ಯಾವುದಾದರೊಂದನ್ನು 100 ಗ್ರಾಂನಂತೆ ದಿನಕ್ಕೆ ಒಂದು ಸಲ ಶುರು ಮಾಡಿ. ಸಕ್ಕರೆ ಹತೋಟಿಯಲ್ಲಿದ್ದರೆ ಎರಡು ಸಲ, ಮುಂಜಾನೆ ಹನ್ನೊಂದಕ್ಕೊಮ್ಮೆ, ಸಂಜೆ ಒಮ್ಮೆ. ಊಟದ ಮೇಲೆ ಬೇಡ; ರೊಟ್ಟಿ, ಅನ್ನದ ಸಕ್ಕರೆಗೆ ಇದೂ ಸೇರುತ್ತದೆ. ಒಂದು ತಿಂಗಳಲ್ಲಿ ಪೊಟ್ಯಾಸಿಯಂ ಮತ್ತೆ ನೋಡಿಸಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವುಗಳಲ್ಲಿ ಯಾವುದಾದರೂ ನಡೆದಿದ್ದರೆ ತಜ್ಞರಿಗೆ ನೆನಪಿಸಿ, ಇವು ಪೊಟ್ಯಾಸಿಯಂ ಏರಿಸಬಲ್ಲವು. ಹಾಗೆಂದು ನೀವೇ ನಿಲ್ಲಿಸಬೇಡಿ. ಮೊದಲ ಮೂರು ಕಿಡ್ನಿಗೂ ಕಾವಲು ಕಾಯುವ ಗುಳಿಗೆಗಳು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರ ಇಂದೇ ಬಂದ್ ಆಗಲಿ. ಹಣ್ಣಿಗಿಂತ ಅವು ಮಾಡುವ ಹಾನಿ ದೊಡ್ಡದು.

ಬಾಜೂಕಿನವರ ಹಿತ್ತಲದಾಗ ಕಮರಾಕ್ಷಿ ಗಿಡ ಐತ್ರಿ. ಹಣ್ಣು ಕೊಯ್ದರ ನಕ್ಷತ್ರದಂಗ ಕಾಣತೈತಿ. ‘ಇದರ ರಸ ಕಿಡ್ನಿಗೆ ಚಲೋ, ಹಳ್ಳ ಕರಗತಾವು’ ಅಂತ ಹೇಳಿ ಕೊಡತಾರ. ನಮ್ಮ ಅವ್ವಗ ಕಿಡ್ನಿ ಅರ್ಧ ಅಷ್ಟs ಕೆಲಸ ಮಾಡತೈತಿ ಅಂದಾರ. ಪೊಟ್ಯಾಸಿಯಂ ಕಡಿಮಿ ಇರೋ ಹಣ್ಣಂತ ಮೊಬೈಲಿನ್ಯಾಗೂ ಬಂದೈತಿ. ಕೊಡಬಹುದೇನ್ರಿ?
— ಓದುಗರು, ಖಾನಾಪುರ, ಬೆಳಗಾವಿ ಜಿಲ್ಲೆ

ಬೇಡ. ಒಂದು ಹೋಳೂ ಬೇಡ. ಈ ಅಂಕಣದಲ್ಲಿ ‘ಎಷ್ಟು’ ಎಂಬ ಪ್ರಶ್ನೆಯೇ ಇಲ್ಲದ ಹಣ್ಣು ಇದೊಂದೇ.

ಮೊಬೈಲಿನಲ್ಲಿ ಬಂದದ್ದು ಸುಳ್ಳಲ್ಲ: ಕಮರಾಕ್ಷಿಯ ಪೊಟ್ಯಾಸಿಯಂ 100 ಗ್ರಾಂಗೆ 133 ಮಿಲಿಗ್ರಾಂ, ಮಾವಿಗಿಂತ ಕಡಿಮೆ. ಅಪಾಯ ಇರುವುದು ಬೇರೆ ಎರಡು ಪದಾರ್ಥಗಳಲ್ಲಿ. ಒಂದು ಕ್ಯಾರಂಬಾಕ್ಸಿನ್. ಇದು ನರಗಳ ಮೇಲೆ ಕೆಲಸ ಮಾಡುವ ವಿಷ, ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಇದನ್ನು ಬೇರ್ಪಡಿಸಿ ಗುರುತಿಸಿದರು. ಗಟ್ಟಿ ಕಿಡ್ನಿ ಇದನ್ನು ಹೊರಹಾಕಿಬಿಡುತ್ತದೆ, ಆದ್ದರಿಂದ ಮನೆಯ ಉಳಿದವರಿಗೆ ಏನೂ ಆಗುವುದಿಲ್ಲ. ಸೋತ ಕಿಡ್ನಿಯಲ್ಲಿ ಅದು ರಕ್ತದಲ್ಲೇ ಉಳಿದು ಮೆದುಳಿಗೆ ಏರುತ್ತದೆ. ಇನ್ನೊಂದು ಆಕ್ಸಲೇಟ್. ಇದರ ಹರಳು ಕಿಡ್ನಿಯ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ರಸ ಕುಡಿದು, ಮೊದಲು ಸರಿಯಿದ್ದ ಕಿಡ್ನಿಯನ್ನೂ ಕೆಡಿಸಿಕೊಂಡವರಿದ್ದಾರೆ. ಕಿಡ್ನಿಯ ಹಳ್ಳುಗಳಲ್ಲಿ, ಅಂದರೆ ಕಲ್ಲುಗಳಲ್ಲಿ, ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದಲೇ ಆದವು. ಆಕ್ಸಲೇಟ್ ತುಂಬಿದ ರಸದಿಂದ ಅವನ್ನು ಕರಗಿಸಲು ಹೊರಡುವುದು ಉರಿಗೆ ಎಣ್ಣೆ ಹೊಯ್ದಂತೆ.

ಡಯಾಲಿಸಿಸ್ ರೋಗಿಗಳಲ್ಲಿ ಅರ್ಧ ಹಣ್ಣಿಗೂ ವಿಷವೇರಿದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. ಮೊದಲು ಕಾಣುವುದು ಬಿಕ್ಕಳಿಕೆ, ತಿಂದ ಕೆಲವೇ ತಾಸುಗಳಲ್ಲಿ. ನೀರು ಕುಡಿದರೂ ಉಸಿರು ಹಿಡಿದರೂ ನಿಲ್ಲುವುದಿಲ್ಲ. ಆಮೇಲೆ ವಾಂತಿ, ಕೈಕಾಲು ಜೋಮು, ನಿದ್ದೆ ಬಾರದಿರುವುದು, ಮಾತು ತಪ್ಪುವುದು, ಕೊನೆಗೆ ಫಿಟ್ಸ್. ಆ ಹಂತ ಮುಟ್ಟಿದವರಲ್ಲಿ ಸಾವೂ ಆಗಿದೆ. ತಿಂದದ್ದು ಗೊತ್ತಾದರೆ ಬಿಕ್ಕಳಿಕೆಗೆ ಕಾಯಬೇಡಿ, ಹಿಮೋಡಯಾಲಿಸಿಸ್ (ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆ) ಇರುವ ಆಸ್ಪತ್ರೆಗೇ ನೇರ ಹೋಗಿ, ‘ಕಮರಾಕ್ಷಿ ತಿಂದಿದ್ದಾರೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಅದನ್ನು ಹೇಳದಿದ್ದರೆ ಪಾರ್ಶ್ವವಾಯು ಇರಬಹುದೆಂದು ತಲೆಯ ಸ್ಕ್ಯಾನ್ ಮಾಡುತ್ತ ಹೊತ್ತು ಹೋಗುತ್ತದೆ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಈ ವಿಷಕ್ಕೆ ಸಾಲದು.

ಕರಾವಳಿ ಕಡೆ ಇದನ್ನೇ ಧಾರೆಹುಳಿ ಎನ್ನುತ್ತಾರೆ. ಉಪ್ಪಿನಕಾಯಿ, ಗೊಜ್ಜು, ಶರಬತ್ತು, ಒಣಹೋಳು ಯಾವ ರೂಪದಲ್ಲೂ ಬೇಡ. ಇದರ ಹತ್ತಿರದ ಬಳಗದ ಬಿಂಬುಳಿಯೂ ಬೇಡ: ಕೊಲೆಸ್ಟ್ರಾಲ್ ಇಳಿಯಲೆಂದು ಅದರ ರಸ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಲ್ಲಿ ವರದಿಯಾಗಿವೆ.

ನಮ್ಮದು ದ್ರಾಕ್ಷಿ ತೋಟ. ಅಣ್ಣನಿಗೆ ಸೋಮವಾರ, ಗುರುವಾರ ಡಯಾಲಿಸಿಸ್. ಮೂತ್ರ ಬಹಳ ಕಡಿಮೆ. ಮನೆಯಲ್ಲೇ ಬೆಳೆದ ದ್ರಾಕ್ಷಿ, ಮನೂಕ ಎಷ್ಟು ತಿನ್ನಬಹುದು? ಮಷೀನ್ ಮೇಲೆ ಇದ್ದಾಗ ಏನು ತಿಂದರೂ ನಡೆಯುತ್ತದೆ ಎನ್ನುತ್ತಾರೆ, ನಿಜವೇ?
— ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ನಿಮ್ಮ ಅಣ್ಣನಿಗೆ ಅಪಾಯದ ಹೊತ್ತು ಗುರುವಾರದಿಂದ ಸೋಮವಾರದವರೆಗಿನ ದೊಡ್ಡ ಅಂತರ. ಅದರಲ್ಲೂ ಶನಿವಾರ, ಭಾನುವಾರ. ನಾಲ್ಕು ತಾಸಿನ ಒಂದು ಡಯಾಲಿಸಿಸ್ ಸಾಮಾನ್ಯವಾಗಿ ಮೂರು–ನಾಲ್ಕು ಗ್ರಾಂ ಪೊಟ್ಯಾಸಿಯಂ ತೆಗೆಯುತ್ತದೆ. ರೊಟ್ಟಿ, ಪಲ್ಯ, ಬೇಳೆ, ಶೇಂಗಾ ಚಟ್ನಿಯ ನಮ್ಮ ಊಟದಲ್ಲಿ ಅಷ್ಟು ಸೇರಲು ಎರಡು ದಿನ ಸಾಕು. ಆದ್ದರಿಂದ ಹಣ್ಣನ್ನು ಡಯಾಲಿಸಿಸ್ ಆದ ಮರುದಿನಗಳಿಗೆ, ಅಂದರೆ ಮಂಗಳವಾರ, ಶುಕ್ರವಾರಗಳಿಗೆ ಇಟ್ಟುಕೊಳ್ಳಿ. ಡಯಾಲಿಸಿಸ್‌ಗೆ ಮುಂಚಿನ ಪೊಟ್ಯಾಸಿಯಂ 5.5ರೊಳಗೆ ಇದ್ದರೆ ಆ ದಿನಗಳಲ್ಲಿ 75–100 ಗ್ರಾಂ, ಹದಿನೈದು–ಇಪ್ಪತ್ತು ದ್ರಾಕ್ಷಿ. ಶನಿವಾರ, ಭಾನುವಾರ ಹಣ್ಣು ಬೇಡವೇ ಬೇಡ. ವಾರಕ್ಕೆ ಮೂರು ಸಲ ಮಾಡಿಸಲು ಸಾಧ್ಯವಿದ್ದರೆ ತಜ್ಞರೊಡನೆ ಮಾತಾಡಿ, ಊಟದ ಬಿಗಿ ಎಷ್ಟೋ ಸಡಿಲಾಗುತ್ತದೆ.

ಮನೂಕ ಬಿಡುವುದೇ ಒಳ್ಳೆಯದು. ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಆಗುತ್ತದೆ ಎಂಬುದು ನಿಮಗೆ ಹೇಳಬೇಕಿಲ್ಲ. ನೀರು ಹಾರಿಹೋಗುತ್ತದೆ, ಪೊಟ್ಯಾಸಿಯಂ ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ ಬೇಗ ಒಣಗಲೆಂದು ಗೊನೆಗಳನ್ನು ಡಿಪ್ಪಿಂಗ್ ಆಯಿಲ್ ಜೊತೆ ಅದ್ದುವ ಪುಡಿ ಪೊಟ್ಯಾಸಿಯಂ ಕಾರ್ಬೊನೇಟ್. ಮೇಲೆ ಅಂಟಿದ್ದು ತೊಳೆದರೆ ಹೋದೀತು, ಹಣ್ಣಿನೊಳಗಿನದು ಹೋಗದು. ಒಂದು ಮುಷ್ಟಿ ಮನೂಕ 30 ಗ್ರಾಂ ಎಂದರೂ 225 ಮಿಲಿಗ್ರಾಂ, ಅದೂ ಮಾತಾಡುತ್ತ ಕುಳಿತಾಗ ಎರಡು ಮುಷ್ಟಿ ಸಲೀಸಾಗಿ ಇಳಿಯುತ್ತದೆ. ಕರದಂಟಿನಲ್ಲೂ ಖರ್ಜೂರ, ಗೋಡಂಬಿ, ಬೆಲ್ಲ ಇರುವುದರಿಂದ ಅದಕ್ಕೂ ಇದೇ ಮಾತು.

ಮಷೀನ್ ಮೇಲೆ ಇದ್ದಾಗ ಏನು ತಿಂದರೂ ಆದೀತು ಎಂಬುದು ಅರ್ಧ ಸತ್ಯ. ತಿಂದದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರಲು ಹಲವು ತಾಸು ಬೇಕು. ಮೂರನೇ ತಾಸಿನಲ್ಲಿ ತಿಂದ ಬಾಳೆಹಣ್ಣಿನ ಪೊಟ್ಯಾಸಿಯಂ ಬಹುಪಾಲು ರಕ್ತಕ್ಕೆ ಬರುವುದು ಮಷೀನ್ ಬಿಟ್ಟ ಮೇಲೆ. ಹೊಟ್ಟೆ ತುಂಬ ತಿಂದರೆ ಡಯಾಲಿಸಿಸ್ ನಡುವೆ ಬಿಪಿ ಇಳಿಯುವುದೂ ಉಂಟು. ತಿನ್ನಲೇಬೇಕೆಂದರೆ ಮೊದಲ ತಾಸಿನಲ್ಲಿ, ಸ್ವಲ್ಪ, ಅಲ್ಲಿನ ಸಿಬ್ಬಂದಿಗೆ ಹೇಳಿ.

ಇನ್ನು ನೀರಿನ ಲೆಕ್ಕ. ಕಲ್ಲಂಗಡಿಯಲ್ಲಿ ನೂರಕ್ಕೆ 92 ಪಾಲು ನೀರು. 250 ಗ್ರಾಂ ತಿಂದರೆ ಒಂದು ಲೋಟದಷ್ಟು, 230 ಮಿ.ಲೀ. ನೀರು ದಿನದ ಮಿತಿಯಿಂದ ಖರ್ಚಾಯಿತು. ಪೊಟ್ಯಾಸಿಯಂ ಕಡಿಮೆ ಎಂದು ಅರ್ಧ ಹಣ್ಣು ಮುಗಿಸಿ ರಾತ್ರಿ ಉಬ್ಬಸ ಬಂದು ಆಸ್ಪತ್ರೆ ಸೇರುವುದು ಬೇಸಿಗೆಯಲ್ಲಿ ಹೊಸದಲ್ಲ. ಬಿಸಿಲಿನ ದಿನಗಳಲ್ಲಿ ಬಾಯಾರಿಕೆಗೆ ಒಂದು ಉಪಾಯವಿದೆ: ಅನುಮತಿ ಇರುವ ದ್ರಾಕ್ಷಿಯಲ್ಲೇ ಎಂಟು–ಹತ್ತನ್ನು ತೊಳೆದು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಒಂದೊಂದಾಗಿ ಬಾಯಲ್ಲಿ ಕರಗಿಸಿಕೊಳ್ಳಲಿ. ಲೋಟ ನೀರಿಗಿಂತ ಹೆಚ್ಚು ಹೊತ್ತು ಬಾಯಿ ತೇವವಿರುತ್ತದೆ.

ಹಿಮೋಗ್ಲೋಬಿನ್ 8.5. ರಕ್ತ ಏರಲೆಂದು ದಿನಾ ಒಂದು ದೊಡ್ಡ ಲೋಟ ದಾಳಿಂಬೆ ರಸ, ಕಿಡ್ನಿ ತೊಳೆಯಲೆಂದು ಒಂದು ಎಳನೀರು ಕುಡಿಯುತ್ತಿದ್ದೇನೆ. ಕ್ರಿಯಾಟಿನಿನ್ 4.1. ಮುಂದುವರಿಸಲೇ?
— ಓದುಗರು, ಬಾಗಲಕೋಟೆ

ಎರಡನ್ನೂ ಇಂದೇ ನಿಲ್ಲಿಸಿ, ಪೊಟ್ಯಾಸಿಯಂ ನಾಳೆಯೇ ನೋಡಿಸಿ. 250 ಮಿ.ಲೀ. ದಾಳಿಂಬೆ ರಸದಲ್ಲಿ 500 ಮಿಲಿಗ್ರಾಂಗಿಂತ ಹೆಚ್ಚು, ಒಂದು ಎಳನೀರಿನಲ್ಲಿ 600ರ ಸುತ್ತಮುತ್ತ. ಊಟಕ್ಕೆ ಮುಂಚೆಯೇ ದಿನಕ್ಕೆ 1,100 ಮಿಲಿಗ್ರಾಂ ಆಯಿತು. ಪೊಟ್ಯಾಸಿಯಂ ಏರಿದವರಿಗೆ ಇಡೀ ದಿನಕ್ಕೆ ಸಾಮಾನ್ಯವಾಗಿ 2,000ದಿಂದ 2,500 ಹೇಳುತ್ತಾರೆ.

ಕಿಡ್ನಿ ರೋಗದಲ್ಲಿ ರಕ್ತ ಕಡಿಮೆಯಾಗುವುದು ಮುಖ್ಯವಾಗಿ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನು ಕಿಡ್ನಿಯಿಂದ ಸಾಕಷ್ಟು ಬಾರದ ಕಾರಣ. ಅದಕ್ಕೆ ಚುಚ್ಚುಮದ್ದು ಇದೆ, ಕಬ್ಬಿಣಾಂಶದ ತಪಾಸಣೆ ಇದೆ. ದಾಳಿಂಬೆಯ ಬಣ್ಣ ಕೆಂಪು, ಆದರೆ ಕಬ್ಬಿಣಾಂಶ 100 ಗ್ರಾಂಗೆ 0.3 ಮಿಲಿಗ್ರಾಂ ಮಾತ್ರ. ಇದರಿಂದ ಹಿಮೋಗ್ಲೋಬಿನ್ ಏರದು. ಪೊಟ್ಯಾಸಿಯಂ ಸಹಜವಿದ್ದರೆ ನಾಲ್ಕು ಚಮಚ ಕಾಳು ತಿನ್ನಿ, ರಸ ಮಾತ್ರ ಬೇಡ. ಎರಡು–ಮೂರು ಹಣ್ಣು ಸೇರಿ ಒಂದು ಲೋಟ ಆಗುತ್ತದೆ, ನಾರು ಜಾಳಿಗೆಯಲ್ಲೇ ಉಳಿಯುತ್ತದೆ. ಎಳನೀರು ಕಿಡ್ನಿ ತೊಳೆಯುವುದಿಲ್ಲ. ಗಟ್ಟಿ ಕಿಡ್ನಿಯವರಿಗೆ ಬಿಸಿಲಲ್ಲಿ ಒಳ್ಳೆಯ ಪಾನೀಯ, ನಿಮಗೆ ಅಲ್ಲ.

ಅಪ್ಪನ ಪೊಟ್ಯಾಸಿಯಂ 5.7 ಬಂತು. ನೀರಲ್ಲಿ ಕಲಸಿ ಕುಡಿಯುವ ಪುಡಿ ಕೊಟ್ಟಿದ್ದಾರೆ. ಬಸವ ಜಯಂತಿಗೆ ಮನೆಯಲ್ಲಿ ಹೋಳಿಗೆ, ಸೀಕರಣಿ. ಪುಡಿ ತಗೊಂಡು ಒಂದು ಬಟ್ಟಲು ಸೀಕರಣಿ ತಿಂದರೆ ಆಗದೇ?
— ಓದುಗರು, ಸವದತ್ತಿ

ಪುಡಿ ಕರುಳಿನಲ್ಲಿ ನಿಧಾನಕ್ಕೆ ಪೊಟ್ಯಾಸಿಯಂ ಹಿಡಿಯುವಂಥದು, ಅದಕ್ಕೆ ತಾಸುಗಟ್ಟಲೆ ಬೇಕು. ಹೆಚ್ಚು ತಿನ್ನಲು ಪರವಾನಗಿ ಎಂದು ತಿಳಿಯಬೇಡಿ. ಅದರಿಂದ ಮಲ ಕಟ್ಟುತ್ತದೆ. ಕಟ್ಟಿದರೆ ಸುಮ್ಮನಿರದೆ ವೈದ್ಯರಿಗೆ ತಿಳಿಸಿ. ಉಳಿದ ಗುಳಿಗೆಗಳಿಗೂ ಪುಡಿಗೂ ನಡುವೆ ಮೂರು ತಾಸು ಬಿಡಬೇಕು, ಇಲ್ಲವಾದರೆ ಗುಳಿಗೆಯನ್ನೂ ಅದು ಹಿಡಿದುಕೊಳ್ಳುತ್ತದೆ.

ಎರಡು ಮಧ್ಯಮ ಆಪೂಸ್ ಹಣ್ಣಿನ ತಿರುಳು 300 ಗ್ರಾಂ, ಅರ್ಧ ಲೋಟ ಹಾಲು ಸೇರಿದರೆ ಒಂದು ದೊಡ್ಡ ಬಟ್ಟಲು ಸೀಕರಣಿಗೆ 650 ಮಿಲಿಗ್ರಾಂ. 5.7 ಇರುವಾಗ ಇದು ಆಗದು. ಮೊದಲು ರಕ್ತ ಮತ್ತೊಮ್ಮೆ ನೋಡಿಸಿ: ಪಟ್ಟಿ ಬಹಳ ಬಿಗಿದು, ಮುಷ್ಟಿ ಹಿಸುಕಿಸಿ ತೆಗೆದ ರಕ್ತದಲ್ಲಿ ಕಣಗಳು ಒಡೆದು ಅಂಕಿ ಸುಳ್ಳೇ ಏರುವುದುಂಟು. 5ರ ಒಳಗೆ ಬಂದ ಮೇಲೆ ಹಾಲಿಲ್ಲದೆ ಮೂರು–ನಾಲ್ಕು ತೆಳು ಹೋಳು, 60 ಗ್ರಾಂ ಮಾವು ಕೊಡಿ. ಆ ದಿನ ಬೇರೆ ಹಣ್ಣು ಬೇಡ.

ಹೋಳಿಗೆಯ ವಿಷಯ ಸ್ವಾರಸ್ಯವಾಗಿದೆ. ಕಡಲೆಬೇಳೆ ಕುದಿಸಿ ಬಸಿಯುವಾಗ ಅದರ ಪೊಟ್ಯಾಸಿಯಂನಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರೇ ಕಟ್ಟು. ಅಂದರೆ ಅಪ್ಪನಿಗೆ ಹೋಳಿಗೆಗಿಂತ ಹೆಚ್ಚು ದೂರ ಇಡಬೇಕಾದದ್ದು ಕಟ್ಟಿನ ಸಾರು! ಹೂರಣಕ್ಕೆ ಬೆಲ್ಲದ ಬದಲು ಸಕ್ಕರೆ ಹಾಕಿದರೆ ಪೊಟ್ಯಾಸಿಯಂ ಇನ್ನೂ ತಗ್ಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಅಂಥ ಒಂದು ಸಣ್ಣ ಹೋಳಿಗೆಗೆ ಅಡ್ಡಿಯಿಲ್ಲ.

ಡಯಾಲಿಸಿಸ್ ಇರುವ ನಮ್ಮ ಅತ್ತೆಯವರಿಗೆ ಇನ್ಸುಲಿನ್ ಇದೆ. ಸಕ್ಕರೆ ಇಳಿದು ಬೆವರಿದಾಗ ಬಾಳೆಹಣ್ಣು ಅಥವಾ ಕಿತ್ತಳೆ ರಸ ಕೊಡುತ್ತೇವೆ. ಬೇರೆ ದಾರಿ ಇದೆಯೇ?
— ಗೃಹಿಣಿ, ಗೋಕಾಕ

ಮೂರು ಚಹಾ ಚಮಚ ಸಕ್ಕರೆ, 15 ಗ್ರಾಂ, ಅರ್ಧ ಕಪ್ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ; 70ರ ಕೆಳಗೇ ಇದ್ದರೆ ಇನ್ನೊಮ್ಮೆ ಅಷ್ಟೇ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆ ನಡೆದಿದ್ದರೆ ಸಾದಾ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಕಿಡ್ನಿ ಸೋತಂತೆ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಆದ್ದರಿಂದ ಪದೇ ಪದೇ ಹೀಗಾದರೆ ಡೋಸ್ ಇಳಿಸಬೇಕಾಗಬಹುದು. ವೈದ್ಯರಿಗೆ ತಿಳಿಸಿ.

ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಲಿಂಬೆ ಹಿಂಡಿಕೊಳ್ಳಬಹುದೇ? ‘ಲೋ ಸೋಡಿಯಂ’ ಉಪ್ಪು ಒಳ್ಳೆಯದೇ?
— ಓದುಗರು, ಇಂಡಿ

ಲಿಂಬೆ ಧಾರಾಳವಾಗಿ ಹಿಂಡಿ. ಒಂದು ಹಣ್ಣಿನ ರಸದಲ್ಲಿ ಪೊಟ್ಯಾಸಿಯಂ 30 ಮಿಲಿಗ್ರಾಂ ಇದ್ದರೆ ಹೆಚ್ಚು. ಉಪ್ಪಿನಕಾಯಿ ಬೇಡ. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡ್. ಪಾಕೀಟಿನ ಹಿಂದೆ ಓದಿ ನೋಡಿ. ನೂರರಲ್ಲಿ 20 ಪಾಲು ಅದಿದ್ದರೆ, ದಿನಕ್ಕೆ 5 ಗ್ರಾಂ ಉಪ್ಪಿನಿಂದಲೇ 500 ಮಿಲಿಗ್ರಾಂ ಪೊಟ್ಯಾಸಿಯಂ ಒಳಗೆ ಹೋಗುತ್ತದೆ. ಮಾವು ಬಿಟ್ಟು ಈ ಉಪ್ಪು ತಿನ್ನುವವರ ಪೊಟ್ಯಾಸಿಯಂ ಇಳಿಯುವುದಾದರೂ ಹೇಗೆ?

ಕಿಡ್ನಿ ಕಸಿ ಆಗಿ ಎಂಟು ತಿಂಗಳು. ಇನ್ನು ಎಲ್ಲ ಹಣ್ಣೂ ತಿನ್ನಬಹುದಲ್ಲ?
— ಓದುಗರು, ಬೆಳಗಾವಿ

ಬಹುತೇಕ ಎಲ್ಲ. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಬಿಟ್ಟು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ನುಂಗುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಗುಳಿಗೆಗಳನ್ನು ಕರುಳಿನ ಗೋಡೆಯಲ್ಲೇ ಒಂದಷ್ಟು ಒಡೆಯುವ ಕಿಣ್ವವನ್ನು ಈ ಹಣ್ಣುಗಳು ತಡೆಯುತ್ತವೆ. ಆಗ ಔಷಧ ರಕ್ತದಲ್ಲಿ ಮಿತಿಮೀರಿ, ಹೊಸ ಕಿಡ್ನಿಗೇ ಪೆಟ್ಟು. ಪರಿಣಾಮ ಒಂದು ದಿನಕ್ಕಿಂತ ಹೆಚ್ಚು ಇರುವುದರಿಂದ, ಗುಳಿಗೆ ಬೆಳಿಗ್ಗೆ, ಹಣ್ಣು ಸಂಜೆ ಎಂಬ ಹಂಚಿಕೆ ನಡೆಯದು. ಮೋಸಂಬಿ, ಸಾದಾ ಕಿತ್ತಳೆಗೆ ಈ ತೊಡಕಿಲ್ಲ. ಟ್ಯಾಕ್ರೊಲಿಮಸ್ ಪೊಟ್ಯಾಸಿಯಂ ಏರಿಸುವ ಸ್ವಭಾವದ್ದು, ಹಾಗಾಗಿ ಆ ತಪಾಸಣೆ ಮುಂದುವರಿಯಲಿ. ರೋಗನಿರೋಧಕ ಶಕ್ತಿ ತಗ್ಗಿರುವಾಗ ಗಾಡಿಯಲ್ಲಿ ಕೊಯ್ದಿಟ್ಟ ಪಪ್ಪಾಯಿ, ಕಲ್ಲಂಗಡಿ ಹೋಳು, ಬರ್ಫ್ ಹಾಕಿದ ಕಬ್ಬಿನ ಹಾಲು ಬೇಡ. ಇಡೀ ಹಣ್ಣು ತಂದು, ಹರಿಯುವ ನೀರಲ್ಲಿ ಉಜ್ಜಿ ತೊಳೆದು, ಮನೆಯಲ್ಲೇ ಕೊಯ್ದು ಆಗಲೇ ತಿನ್ನಿ.

ಮಾವಿನಹಣ್ಣ ರಾತ್ರಿಯೆಲ್ಲಾ ನೀರಾಗ ನೆನಿ ಹಾಕಿದ್ರ ಪೊಟ್ಯಾಸಿಯಂ ಹೋಗತೈತೇನ್ರಿ?
— ಓದುಗರು, ಬಾದಾಮಿ

ಹೋಗುವುದಿಲ್ಲ. ಸಿಪ್ಪೆಯೊಳಗಿನ ತಿರುಳಿಗೆ ನೀರಿನ ಸಂಪರ್ಕವೇ ಇಲ್ಲ. ಪೊಟ್ಯಾಸಿಯಂ ಇಳಿಯಬೇಕೆಂದರೆ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಮುಳುಗಿ ತೇಲುವಷ್ಟು ನೀರಿನಲ್ಲಿ ಹತ್ತು ನಿಮಿಷ ಕುದಿಸಿ ನೀರು ಚೆಲ್ಲಬೇಕು. ಆಲೂಗಡ್ಡೆ, ಗಜ್ಜರಿ, ಸೊಪ್ಪಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಣ್ಣಿನಲ್ಲಿ ಸೇಬು, ಪಿಯರ್‌ಗೆ ಆದೀತು. ಕುದಿಸಿ ಬಸಿದ ಮಾವನ್ನು ತಿನ್ನುವುದಕ್ಕಿಂತ ಎರಡು ಹಸಿ ಹೋಳು ತೂಕ ಮಾಡಿ ತಿನ್ನುವುದೇ ಮೇಲು. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ ಸೊಪ್ಪು, ಮೂಲಂಗಿಯಲ್ಲಿರುವ ಪೊಟ್ಯಾಸಿಯಂ ಪೂರ್ತಿ ಒಳಗೆ ಹೋಗುತ್ತದೆ. ಮಾವು ತಿಂದ ದಿನ ಅವನ್ನು ಬಿಟ್ಟು ಸಿಪ್ಪೆ ತೆಗೆದ ನಾಲ್ಕು ಸೌತೆ ಹೋಳು ಇಟ್ಟುಕೊಳ್ಳಿ.